ಧಾಬಳಿಯೊಳಗಿನ ಪಾದ

ಹಸಿ ಉಣ್ಣೆಯ ವಾಸನೆ ಮದ್ರಾಸಿನಲ್ಲಿ ಹುಡುಕಿದರೂ ಸಿಕ್ಕುವಂಥದಲ್ಲ. ಹೋದ ತಿಂಗಳು, ಅಡ್ಯಾರಿನ ನಮ್ಮ ಮನೆಯ ಮೇಲಿನ ಮಹಡಿಗೆ ದೆಹಲಿಯಿಂದ ವರ್ಗವಾಗಿ ಬಂದ ಸಂಸಾರವೊಂದು ತಮ್ಮ ಸ್ವೆಟರು, ಶಾಲುಗಳನ್ನೆಲ್ಲ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಮೆಟ್ಟಿಲ ಕಟಕಟೆಯ ಮೇಲೆ ಹರಡಿತ್ತು. ತರಕಾರಿ ಚೀಲ ಹಿಡಿದು ಹತ್ತಿ ಬರುತ್ತಿದ್ದವಳು ನಾನು ಅಲ್ಲೇ ಕೂತುಬಿಟ್ಟೆ. ಆ ಮನೆಯಾಕೆ ಓಡಿಬಂದು, "ಏನಾಯ್ತು ಮಾಮಿ, ತಲೆ ಸುತ್ತಿತಾ, ನೀರು ತರಲಾ?" ಎಂದಳು. ತಲೆ ಸುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತು. ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಬಟ್ಟಲಿನಂತೆ ಮಡಿಚಿಕೊಂಡು, ಯಾವುದೋ ಹಿಮ್ಮಡಿ ಬಂದು ತನ್ನಲ್ಲಿ ಕೂರಲೆಂದು ಕಾಯುತ್ತಿತ್ತು. ಅದನ್ನು ಅವಳಿಗೆ ಹೇಗೆ ಹೇಳಲಿ? ನೀರು ಕುಡಿದು ಎದ್ದೆ.

ಹೇಳುವುದಾದರೆ ಪುರಸೈವಾಕ್ಕಂನ ಆ ವರ್ಷವನ್ನೇ ಹೇಳಬೇಕು. ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ಅಂಗಡಿಬೀದಿಯಿಂದ ಎರಡು ತಿರುವು ಒಳಗೆ, ರೈಲು ಡಬ್ಬಿಯ ಹಾಗೆ ಒಂದರ ಹಿಂದೊಂದು ಕೋಣೆಯಿದ್ದ ನಮ್ಮ ಮನೆ. ನಾನು ಹುಟ್ಟುವುದಕ್ಕೂ ಮುಂಚೆ ನನ್ನ ಗಂಡನ ಮನೆಯವರು ಅಲ್ಲಿ ಬಂದು ಕೂತವರು. ಮನೆಯಲ್ಲಿ ನಾವು ನಾಲ್ಕೇ ಜನ: ರೈಲ್ವೆ ಆಫೀಸಿಗೆ ಹೋಗುವ ಇವರು, ವಿಧವೆಯಾದ ನಮ್ಮತ್ತೆ, ನಾನು, ನಾಲ್ಕು ವರ್ಷದ ಮಗಳು ಪದ್ದು. ನಡುಮನೆಗೆ ಕಿಟಕಿ ಇರಲಿಲ್ಲ. ಮಾಡಿನಲ್ಲಿ ಒಂದು ಗಾಜಿನ ಹೆಂಚು ಇತ್ತು. ನಡುಹಗಲಿಗೆ ಅದರಿಂದ ಒಂದು ಚೌಕ ಬಿಸಿಲು ನೇರ ನೆಲಕ್ಕೆ ಬಿದ್ದು, ಸುತ್ತಲಿನ ಕತ್ತಲೆಯನ್ನು ಇನ್ನಷ್ಟು ಕತ್ತಲೆ ಮಾಡುತ್ತಿತ್ತು.

ಹಿಂದಿನ ಐಪ್ಪಸಿಯ, ಅಂದರೆ ದೀಪಾವಳಿ ತಿಂಗಳ, ಮಳೆಯಲ್ಲಿ ಪದ್ದುವಿಗೆ ಜ್ವರ ಬಂತು. ಮೂರು ದಿನದ ಜ್ವರ. ನಾಲ್ಕನೆಯ ಬೆಳಗ್ಗೆ ಎಬ್ಬಿಸಿ ನಿಲ್ಲಿಸಿದೆ. ಎಡಗಾಲು ಬಟ್ಟೆಯಂತೆ ಮಡಿಚಿ ಕುಸಿದಳು. ಪೋಲಿಯೊ ಅಂದರು. ಸಂಕ್ರಾಂತಿಯವರೆಗೆ ಆಸ್ಪತ್ರೆ. ಬಿಡುವಾಗ ಕಾಲಿಗೆ ಹಲಗೆ ಕಟ್ಟಿ, ಅದಕ್ಕೆ ಮೂರು ಚರ್ಮದ ಪಟ್ಟಿ ಬಿಗಿದು ಕಳಿಸಿದರು. ಅಲ್ಲಿ ಕಾಲು ತಿದ್ದುವುದನ್ನು ಕಲಿಸುವ ಆಂಗ್ಲೋ-ಇಂಡಿಯನ್ ಹೆಂಗಸೊಬ್ಬರು ಇದ್ದರು. ಎಲ್ಲರೂ ಮಿಸ್ಸಿ ಅನ್ನುತ್ತಿದ್ದರು. ಅವರು ಒಂದೇ ಒಂದು ಸಲ ಮಾಡಿ ತೋರಿಸಿದರು. ಬಿಸಿನೀರಿನಲ್ಲಿ ಹಿಂಡಿದ ಉಣ್ಣೆ ಬಟ್ಟೆ ಸುತ್ತಿ ಕಾಲು ಕಾಯಿಸಬೇಕು. ಮಂಡಿ ಮಡಿಚಿ ಇಪ್ಪತ್ತು ಸಲ ಹೊಟ್ಟೆಯ ಕಡೆಗೆ. ಹಿಮ್ಮಡಿ ಎಳೆದು ಇಪ್ಪತ್ತು ಎಣಿಸಬೇಕು. ಕೊನೆಗೆ ಅಂಗಾಲಿಗೆ ಅಂಗೈ ಕೊಟ್ಟು "ತಳ್ಳು" ಅನ್ನಬೇಕು.

"ಮಾರ್ನಿಂಗ್, ನೂನ್, ಈವ್ನಿಂಗ್. ಪುರಿಯುದಾ ಅಮ್ಮಾ?"

ಅರ್ಥವಾಯಿತೆಂದು ತಲೆಯಾಡಿಸಿದೆ. ಹಿಂದೆ ಇಪ್ಪತ್ತು ತಾಯಂದಿರು ಕೂಸು ಹೊತ್ತು ನಿಂತಿದ್ದರು. ಇನ್ನೊಮ್ಮೆ ತೋರಿಸಿ ಅನ್ನಲು ನಾಲಗೆ ಬರಲಿಲ್ಲ.

ನಮ್ಮಂಥ ಮನೆಯಲ್ಲಿ ಬೆಳೆದವಳಿಗೆ ಮೂರು ಹೊತ್ತು ಎಂದರೆ ಏನು? ಸಂಧ್ಯಾವಂದನೆಯ ಲೆಕ್ಕ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಐದು ನಿಮಿಷ ಜಾರಿದರೆ ಕಾಲು ಹೋದಂತೆಯೇ ಎಂದು ನಂಬಿಬಿಟ್ಟೆ. ಬೆಳಗ್ಗೆ ಸ್ನಾನಕ್ಕೆ ಮುಂಚೆ ಮಾಡುತ್ತಿದ್ದೆ. ಸಂಜೆ ಇವರ ಪಾಳಿ. ಮಂಡಿ ಮಡಿಚುವಾಗ ಒಂದೊಂದು ಸಲಕ್ಕೆ ಒಂದೊಂದು ಸ್ಟೇಷನ್ ಕೂಗುತ್ತಿದ್ದರು, "ಬೇಸಿನ್ ಬ್ರಿಡ್ಜ್, ವ್ಯಾಸರಪಾಡಿ, ಪೆರಂಬೂರು..." ಎಂದು, ಪದ್ದು ಟಿಕೆಟ್ ಕೇಳಿ ನಗುತ್ತಿದ್ದಳು. ಸಂಕಟವೆಲ್ಲ ಆ ಹನ್ನೆರಡರದು.

ಹತ್ತೂವರೆಗೆ ನಾನು ಮತ್ತೆ ಮಿಂದು, ಮಡಿಯುಟ್ಟು, ಅತ್ತೆಯ ಅಡುಗೆಗೆ ಇಳಿಯುತ್ತಿದ್ದೆ. ಅವರದು ದಿನಕ್ಕೆ ಒಂದೇ ಊಟ, ಜಪ ಮುಗಿಸಿ ಒಂದು ಗಂಟೆಗೆ. ಮಡಿಯಲ್ಲಿದ್ದಾಗ ಬಟ್ಟೆ ಬಿಚ್ಚಿದ ಕೂಸನ್ನು ಮುಟ್ಟಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಆ ಚರ್ಮದ ಪಟ್ಟಿ? ಅದನ್ನು ಮುಟ್ಟಿದರೆ ಅಡುಗೆಯಷ್ಟೂ ಕೆಡುತ್ತದೆ. ಮೊದಲ ವಾರ ನಾನು ದಿನಾ ಪಟ್ಟಿ ಬಿಚ್ಚಿ, ಕಾಲು ಮಾಡಿ, ಮತ್ತೆ ಮಿಂದು, ಮತ್ತೆ ಒಲೆ ಹಚ್ಚಿ, ಅತ್ತೆಗೆ ಮೂರು ಗಂಟೆಗೆ ಬಡಿಸಿದೆ. ಅವರು ಬೈಯಲಿಲ್ಲ. ಆದರೆ ಕೂಸಿನ ಹತ್ತಿರವೂ ಬರಲಿಲ್ಲ. ಜ್ವರ ಬಂದಾಗಿನಿಂದ ಅವರು ಪದ್ದುವನ್ನು ಮುಟ್ಟಿರಲೇ ಇಲ್ಲ. ಎಂಟನೆಯ ದಿನ ಬಾಗಿಲಲ್ಲಿ ನಿಂತು, "ಉಣ್ಣೆಗೆ ಮೈಲಿಗೆ ಅಂಟಲ್ಲ. ಧಾಬಳಿಯಲ್ಲಿ ಹಿಡಿದು ಮಾಡು, ದೋಷವಿಲ್ಲ" ಎಂದರು.

ಧಾಬಳಿ ಎಂದರೆ ಮಡಿಗೆ ಉಡುವ ಉಣ್ಣೆಯ ಬಟ್ಟೆ. ನನ್ನಲ್ಲಿ ಇರಲಿಲ್ಲ.

"ಆ ಟ್ರಂಕಿನ ತಳದಲ್ಲಿದೆ. ನಮ್ಮತ್ತೆಯದು. ತಗೋ."

ಬೆರಳಲ್ಲಿ ತೋರಿಸಿದರೇ ಹೊರತು ತಾವು ಟ್ರಂಕಿನ ಮುಚ್ಚಳ ಎತ್ತಲಿಲ್ಲ. ಇವರಿಗೆ ಎಂಟು ವರ್ಷವಿದ್ದಾಗ ಹೋದ ಆ ಮುದುಕಿಯ ಹೆಸರನ್ನು ಮನೆಯಲ್ಲಿ ಶ್ರಾದ್ಧದ ದಿನ ಬಿಟ್ಟರೆ ಯಾರೂ ಎತ್ತುತ್ತಿರಲಿಲ್ಲ. ಧಾಬಳಿ ಬೂದಿ ಬಣ್ಣದ್ದು, ಭಾರ, ನುಸಿ ತಾಗಿರಲಿಲ್ಲ.

ಎಷ್ಟು ಅನುಕೂಲವಾಯಿತು ಅನ್ನುತ್ತೀರಿ. ಧಾಬಳಿಯ ಸೆರಗಿನಿಂದಲೇ ಪಟ್ಟಿ ಬಿಚ್ಚುವುದು, ಅದನ್ನೇ ಬಿಸಿನೀರಲ್ಲಿ ಹಿಂಡಿ ಸೊಂಟದಿಂದ ಬೆರಳವರೆಗೆ ಸುತ್ತುವುದು, ಸುತ್ತಿದ ಮೇಲಿಂದಲೇ ಮಡಿಚುವುದು, ಎಳೆಯುವುದು, ತಳ್ಳು ಅನ್ನುವುದು. ಮಡಿಗೆ ಮಡಿ ಉಳಿಯಿತು, ಕಾಲಿಗೆ ಕಾಲೂ ನಡೆಯಿತು. ಹಿತ್ತಿಲ ಬಾವಿಯ ಆಚೆ ಮನೆಯ ಕಮಲಾ ಮಾಮಿ ನೀರು ಸೇದುತ್ತ ನಗೆಯಾಡಿದರು: "ಏನಮ್ಮಾ, ದಿನಾ ಹನ್ನೆರಡಕ್ಕೆ ಕಾಲಿಗೆ ಪೂಜೆಯಂತೆ. ಮಂಗಳಾರತಿಗೆ ನಮ್ಮನ್ನೂ ಕರಿ." ನಾನೂ ನಕ್ಕೆ. ಒಂದೇ ಒಂದು ಕೊರತೆ. ಮಾಡುವಷ್ಟು ಹೊತ್ತೂ ನನ್ನ ಮಗಳ ಕಾಲು ನನಗೆ ಕಾಣುತ್ತಿರಲಿಲ್ಲ.

ಮೂರು ತಿಂಗಳು ಹೀಗೇ ಕಳೆಯಿತು. ತಳ್ಳು ಎಂದರೆ ಪದ್ದು ಹಲ್ಲು ಕಚ್ಚುತ್ತಿದ್ದಳು, ಕತ್ತಿನ ನರ ಉಬ್ಬುತ್ತಿತ್ತು, ಕಾಲು ಮಾತ್ರ ಹಸಿ ಹಿಟ್ಟಿನಂತೆ ಬಿದ್ದಿರುತ್ತಿತ್ತು. ಮಿಸ್ಸಿ ಒಂದು ಮಾತು ಹೇಳಿದ್ದರು. ಜುಲೈ ಕಳೆದು, ಆಡಿ ತಿಂಗಳ ಕೊನೆಗೆ ದೊಡ್ಡ ಡಾಕ್ಟರು ನೋಡುತ್ತಾರೆ. ತೊಡೆಯ ಸ್ನಾಯುವಿನಲ್ಲಿ ಒಂದು ಮಿಡುಕಾದರೂ ಇದ್ದರೆ ಇನ್ನೊಂದು ವರ್ಷ ಕಲಿಸುತ್ತಾರೆ. ಇಲ್ಲವಾದರೆ ಸೊಂಟದಿಂದ ಕಬ್ಬಿಣ ಕಟ್ಟಿ, ಹೆಸರು ಹೊಡೆದುಹಾಕಿ, ಆ ಜಾಗ ಬೇರೆ ಕೂಸಿಗೆ.

ಮೇ ತಿಂಗಳ ಕತ್ತಿರಿ ಬಿಸಿಲು ಶುರುವಾದ ಮೂರನೆಯ ದಿನವೋ ನಾಲ್ಕನೆಯದೋ. ಬೀದಿಯಲ್ಲಿ ಸದ್ದೇ ಇಲ್ಲ, ಕಾಗೆಯೂ ಕೂಗದು. ನೆಲದ ಮೇಲಿನ ಬಿಸಿಲ ಚೌಕ ಪದ್ದುವಿನ ಚಾಪೆಯ ಅಂಚಿಗೆ ಬಂದಿತ್ತು. ನಾನು ಧಾಬಳಿಯೊಳಗಿನ ಅಂಗಾಲಿಗೆ ಕೈ ಕೊಟ್ಟು, ಅಭ್ಯಾಸಬಲದಿಂದ, ತಳ್ಳು ಅಂದೆ.

ತಳ್ಳಿತು.

ಎರಡು ಸಲ, ಒಂದರ ಹಿಂದೊಂದು, ಹಿಮ್ಮಡಿಯಿಂದ. ಮೊಣಕೈವರೆಗೆ ನನ್ನ ಕೈ ಹಿಂದಕ್ಕೆ ಹೋಯಿತು. ಧಾಬಳಿ ಬಿಚ್ಚಿದೆ. ಕಾಲು ಎಂದಿನಂತೆ ತೆಳ್ಳಗೆ, ತಣ್ಣಗೆ ಬಿದ್ದಿತ್ತು. ಪದ್ದು ಮಾಡಿನ ಗಾಜು ನೋಡುತ್ತಿದ್ದಳು.

"ಕಂದಾ, ಇನ್ನೊಂದು ಸಲ."

"ನಾನಿಲ್ಲೆ ಅಮ್ಮ. ಪಾಟಿ."

ಓಣಿಯ ಮಕ್ಕಳ ತಮಿಳು ಅವಳ ಬಾಯಲ್ಲಿ ಕಲೆತಿತ್ತು; ನಾನಲ್ಲ ಅನ್ನಲು ನಾನಿಲ್ಲೆ ಅನ್ನುವಳು. ಅಲ್ಲಿನ ಮಕ್ಕಳು ಅಜ್ಜಿಯನ್ನು ಪಾಟಿ ಅನ್ನುತ್ತಾರೆ. "ಅಜ್ಜಿ ಹಜಾರದಲ್ಲಿ ಜಪ ಮಾಡ್ತಿದಾರಲ್ಲೇ" ಎಂದೆ.

"ಅಜ್ಜಿಯಲ್ಲ. ಪಾಟಿ" ಎಂದಳು, ನನಗೇ ತಿಳಿವಳಿಕೆ ಕಡಿಮೆ ಎಂಬಂತೆ.

ಮಕ್ಕಳ ಮಾತು. ಮನಸ್ಸಿಗೆ ಹಚ್ಚಿಕೊಳ್ಳದೆ ಸಂತೋಷವನ್ನಷ್ಟೇ ಹಚ್ಚಿಕೊಂಡೆ. ಸಂಜೆ ಇವರಿಗೆ ಹೇಳಿದೆ. ಇವರು ಅರಕ್ಕೋಣದವರೆಗೆ ಸ್ಟೇಷನ್ ಕೂಗಿದರೂ ಕಾಲು ಅಲ್ಲಾಡಲಿಲ್ಲ. ಮರುದಿನ ಹನ್ನೆರಡಕ್ಕೆ ಮತ್ತೆ ಎರಡು ತಳ್ಳು. ಅದರ ಮರುದಿನವೂ. ಬರೀ ಹನ್ನೆರಡಕ್ಕೆ, ಬರೀ ಧಾಬಳಿಯೊಳಗೆ. ಒಂದು ವಾರದ ಮೇಲೆ ಕೈಗೆ ಇನ್ನೊಂದು ತಿಳಿಯತೊಡಗಿತು. ಪದ್ದು ನೆಲ ತುಳಿದು ಏಳು ತಿಂಗಳು; ಅವಳ ಹಿಮ್ಮಡಿ ಬೆಣ್ಣೆಯಂತಿತ್ತು. ಧಾಬಳಿಯ ಒಳಗಿನಿಂದ ನನ್ನ ಅಂಗೈಗೆ ಒತ್ತುತ್ತಿದ್ದ ಹಿಮ್ಮಡಿ ಅಗಲವಾಗಿತ್ತು, ಒರಟಾಗಿತ್ತು, ಬಿರುಕು ಬಿಟ್ಟಿತ್ತು. ಉಣ್ಣೆಯ ನೂಲು ಆ ಬಿರುಕಿಗೆ ಸಿಕ್ಕಿ ಸರಕ್ಕೆಂದು ಬಿಡಿಸಿಕೊಳ್ಳುವುದು ಬೆರಳಿಗೆ ಗೊತ್ತಾಗುತ್ತಿತ್ತು.

ಆಸ್ಪತ್ರೆಯಲ್ಲಿ ಮಿಸ್ಸಿಯ ಮುಂದೆ ಹೇಳಿಕೊಂಡೆ. ಅವರು ಕೈಯಿಟ್ಟು ಬಹಳ ಹೊತ್ತು ನೋಡಿ, "ನಥಿಂಗ್" ಎಂದರು. ಆಮೇಲೆ ಕಾಲು ಬಿಟ್ಟು ನನ್ನ ಕೈ ಹಿಡಿದು ನೋಡಿದರು. "ನಿಮ್ಮ ಕೈ ದಣಿದಿದೆ ಅಮ್ಮಾ. ಇಷ್ಟು ದಿನ ಒಬ್ಬಳೇ ಮಾಡಿದರೆ ಇಲ್ಲದ್ದೂ ಇದ್ದ ಹಾಗಾಗುತ್ತೆ. ಮನೇಲಿ ಬೇರೆ ಯಾರದಾದರೂ ಕೈ ಇಡಿಸಿ. ಯಾರಿದ್ದಾರೆ?"

"ಹನ್ನೆರಡಕ್ಕೆ ಯಾರೂ ಇರಲ್ಲ."

"ವೈ ಹನ್ನೆರಡು? ಎರಡಕ್ಕೆ ಮಾಡಿ, ಮೂರಕ್ಕೆ ಮಾಡಿ. ಊಟ ಮಾಡಿ, ಸ್ವಲ್ಪ ಮಲಗಿ, ಎದ್ದು ಮಾಡಿ. ಹನ್ನೆರಡು ಅಂತ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬರುವಾಗ ನಗು ಬಂತು, ಅಳುವೂ ಬಂತು. ಐದು ತಿಂಗಳು ನಾನು ಬೆಂದ ಆ ಕಟ್ಟು ನಾನೇ ಕಟ್ಟಿಕೊಂಡದ್ದು. ನಾಳೆಯಿಂದ ಅತ್ತೆಯ ಊಟವಾದ ಮೇಲೆ, ಮೈಲಿಗೆ ಸೀರೆಯಲ್ಲಿ, ಬರಿಗೈಯಲ್ಲಿ ಮಾಡಬಹುದು.

ಮಾಡಲಿಲ್ಲ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಮರುದಿನ ಹನ್ನೆರಡಾಗುತ್ತಲೇ ನನ್ನ ಕಾಲುಗಳು ತಾವಾಗಿ ನಡುಮನೆಗೆ ನಡೆದವು, ಕೈ ಧಾಬಳಿ ಹಿಂಡಿತು. ಆ ಎರಡು ತಳ್ಳು ಬೇಕಾಗಿತ್ತು ನನಗೆ. ಬರಿಗಾಲನ್ನು ಹಿಡಿದರೆ ಏನೂ ಇಲ್ಲ, ಬರೀ ಇಲ್ಲ, ದಿನವೂ ಇಲ್ಲ. ಇಲ್ಲಿ ಕರೆದರೆ ಬರುತ್ತಿತ್ತಲ್ಲ. ಯಾರದಾದರೇನು ಅನ್ನಿಸಿಬಿಟ್ಟಿತ್ತು. ಬೆಳಗಿನದನ್ನು ಅವಸರದಲ್ಲಿ ಮುಗಿಸತೊಡಗಿದೆ. "ಬಾ, ತಳ್ಳು" ಅಂದಾಗ ನಾನು ಪದ್ದುವಿನ ಮುಖ ನೋಡುತ್ತಿರಲಿಲ್ಲ, ಧಾಬಳಿಯನ್ನು ನೋಡುತ್ತಿದ್ದೆ.

ಆಡಿಯ ಗಾಳಿ ಎದ್ದಿತು. ಪರೀಕ್ಷೆಗೆ ಹದಿನೈದು ದಿನವಿತ್ತು. ಅಂದು ಎರಡು ತಳ್ಳು ಆದ ಮೇಲೂ ನಾನು ಕೈ ತೆಗೆಯದೆ ಕೂತಿದ್ದೆ. ಪದ್ದು ಮೆಲ್ಲಗೆ, "ಅಮ್ಮಾ, ನನಗೆ ಯಾವಾಗ?" ಎಂದಳು.

"ಏನು ಯಾವಾಗ?"

"ನಾನು ತಳ್ಳೋದು. ದಿನಾ ಪಾಟಿಯೇ. ಪಾಟಿ ಸರಿಯೋದೇ ಇಲ್ಲ. ಜಾಗ ಇಲ್ಲ ಒಳಗೆ."

ಕತ್ತರಿಸಿ ಹಾಕಿದಂತೆ ನನ್ನ ಆಸೆ ಬಿದ್ದುಹೋಯಿತು. ಹಜಾರದಲ್ಲಿ ಜಪಕ್ಕೆ ಕೂತಿದ್ದ ಅತ್ತೆಯ ಮುಂದೆ ಹೋಗಿ ನಿಂತೆ.

"ಅತ್ತೆ, ಒಂದು ಸಲ ನೀವು ಬಂದು ಕೈ ಇಡಬೇಕು."

"ನನ್ನ ಊಟ ಆಗಿಲ್ಲ."

"ಧಾಬಳಿ ಮೇಲೇ ಇಡಿ. ದೋಷವಿಲ್ಲ ಅಂತ ನೀವೇ ಹೇಳಿದ್ದು."

"ಹೇಳಿದ್ದು ನಿನಗೆ. ನನ್ನ ಯಾಕೆ ಎಳೀತಿ?"

"ಅದು ಪದ್ದುವಿನ ಕಾಲಲ್ಲ ಅತ್ತೆ. ನನಗೆ ಹೆದರಿಕೆ ಆಗ್ತಿದೆ."

ಜಪಮಣಿ ನಿಂತಿತು. ಎದ್ದು ಬಂದರು. ಅವರು ನಡುಮನೆಯಲ್ಲಿ ಕೂತದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ದಾಟುವಾಗಲೂ ಗೋಡೆಯ ಪಕ್ಕದಲ್ಲೇ ದಾಟುತ್ತಿದ್ದರು. ಈಗ ಚಾಪೆಯ ತುದಿಯಲ್ಲಿ, ಹಳೆಯ ಅಭ್ಯಾಸವಿದ್ದವರಂತೆ ಒಂದು ಮಂಡಿ ಊರಿ ಕೂತರು. ಅಂಗೈ ಕೊಟ್ಟರು. ನಾನು ತಳ್ಳು ಅನ್ನಲಿಲ್ಲ. ಧಾಬಳಿ ಎರಡು ಸಲ ಜೋರಾಗಿ ಅಲುಗಿತು.

ಅತ್ತೆ ಕೈ ಹಿಂದೆಗೆಯಲಿಲ್ಲ. ತಲೆ ಬಗ್ಗಿಸಿ, ನಾನೆಂದೂ ಕೇಳಿರದ ಸಣ್ಣ ಸ್ವರದಲ್ಲಿ, ಹದಿನೆಂಟರ ಸೊಸೆಯ ಸ್ವರದಲ್ಲಿ, "ಆಯ್ತು ಅತ್ತೆ, ಎದ್ದೆ" ಎಂದರು.

ನಾನು ಪದ್ದುವಿನ ತಲೆಯ ಬಳಿ ಸರಿದು ಕೂತೆ.

ಆಮೇಲೆ, ಧಾಬಳಿಯ ಮೇಲೆ ಕೈಯಿಟ್ಟುಕೊಂಡೇ, ನನಗೆ ಹೇಳಿದರು. ಆ ಮುದುಕಿಗೆ ಲಕ್ವ ಹೊಡೆದು ಆರು ವರ್ಷ ಮಲಗಿದ್ದರಂತೆ, ಇದೇ ಗಾಜಿನ ಕೆಳಗೆ. ಹನ್ನೆರಡು ಹೊಡೆದರೆ ಬಿಸಿನೀರಿನ ಶಾಖ ಕೊಟ್ಟು ಕಾಲು ಒತ್ತುವುದು ನಮ್ಮತ್ತೆಯ ಕೆಲಸ. ಒತ್ತಿದ್ದು ಸಾಕಾದರೆ ಸ್ವಾಧೀನವಿದ್ದ ಕಾಲಿನ ಹಿಮ್ಮಡಿಯಿಂದ ಎರಡು ಸಲ ದೂಡುವುದು. ಬಾಯಿ ಎಳೆದುಹೋಗಿತ್ತಲ್ಲ, ಬಾಯಿಂದ ಹೇಳುವುದಕ್ಕಿಂತ ಅದು ಸುಲಭ.

"ಆರು ವರ್ಷ ಕಣೇ. ಒಂದು ದಿನ ತಪ್ಪಿಸಲಿಲ್ಲ. ಒಬ್ಬರಾದರೂ, ಬಾ, ನಾನು ಒತ್ತುತೀನಿ, ನೀ ಹೋಗಿ ಒರಗಿಕೋ ಅಂದವರಿಲ್ಲ. ಒಂದು ಕತ್ತಿರೀಲಿ ಮಾಳಿಗೆ ಮೇಲೆ ಹಪ್ಪಳ ಹಾಕಿದ್ದೆ. ಹನ್ನೆರಡಾಯ್ತು. ಕೆಳಗಿಂದ ಕರೆದ್ರು. ಕೇಳಿಸ್ತು. ನಾಲ್ಕು ಸಲ ಕರೆದ್ರು. ನಾನು ಹಪ್ಪಳ ತಿರುವುತಾ ಇದ್ದೆ, ಒಂದೊಂದೇ. ಒಣಗಿದ್ದನ್ನೂ ಮತ್ತೆ ತಿರುವಿದೆ." ಧಾಬಳಿಯ ಅಂಚನ್ನು ಬೆರಳಲ್ಲಿ ಸವರುತ್ತ, "ಇಳಿದು ಬರೋ ಹೊತ್ತಿಗೆ ಹೋಗಿಬಿಟ್ಟಿದ್ರು" ಎಂದರು.

ಮೈಲಿಗೆಯಲ್ಲ ಅವರನ್ನು ಕೂಸಿನಿಂದ ದೂರ ಇಟ್ಟದ್ದು. ಇಷ್ಟು ತಿಂಗಳು ನಾನು ಒಳಗೊಳಗೇ ಅವರನ್ನು ಬೈದಿದ್ದೆ.

ಪದ್ದು ಕಣ್ಣು ಬಿಟ್ಟುಕೊಂಡು ಇಬ್ಬರನ್ನೂ ನೋಡುತ್ತಿದ್ದಳು. ಅತ್ತೆ ಧಾಬಳಿಯ ಕಡೆ ತಿರುಗಿದರು. ಈಗ ಸ್ವರ ಸೊಸೆಯದಾಗಿರಲಿಲ್ಲ. "ನೋಡಿ, ಇದು ನಿಮ್ಮ ಕಾಲಲ್ಲ, ಕೂಸಿನದು. ನನ್ನ ಮೇಲೆ ಸಿಟ್ಟಿದ್ದರೆ ನನ್ನನ್ನು ಒದೀರಿ. ನಾನೆಲ್ಲೂ ಹೋಗಲ್ಲ ಈಗ" ಎಂದು, ಸುತ್ತಿದ್ದನ್ನು ಒಂದೊಂದೇ ಸುತ್ತು ಬಿಚ್ಚಿದರು. ಬಿಚ್ಚುತ್ತಿದ್ದಷ್ಟೂ ಹೊತ್ತು ಅದು ಅವರ ಕೈಯಲ್ಲಿ ಭಾರವಾಗಿ ಜಗ್ಗುತ್ತಿತ್ತು. ಹಸಿ ಉಣ್ಣೆಯ ಭಾರ ಎಂದುಕೊಂಡೆ. ಕೊನೆಯ ಸುತ್ತು ಕಳಚಿದಾಗ ಬಿಸಿಲ ಚೌಕದಲ್ಲಿ ಕಂಡದ್ದು ನನ್ನ ಮಗಳ ಕಡ್ಡಿಯಂಥ ಕಾಲು. ಹಜಾರದ ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು. ಅತ್ತೆ ಮಡಿಯುಟ್ಟಂತೆಯೇ, ಜಪ ಅರ್ಧಕ್ಕೆ ಬಿಟ್ಟು, ಚರ್ಮದ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ, ಬರಿಗೈಯಲ್ಲಿ ಆ ಕಾಲು ಹಿಡಿದರು.

"ಎಷ್ಟು ಸಲ ಮಡಿಚೋದು?"

"ಇಪ್ಪತ್ತು."

"ನೀ ಹೋಗಿ ಒರಗಿಕೋ."

ಆವತ್ತು ಅವರ ಊಟವಾದದ್ದು ಸಂಜೆ ನಾಲ್ಕಕ್ಕೆ, ಎರಡನೆಯ ಸ್ನಾನದ ಮೇಲೆ. ಆಮೇಲಿಂದ ಅದೇ ಕ್ರಮವಾಯಿತು. ಕಮಲಾ ಮಾಮಿ ಬಾವಿಕಟ್ಟೆಯಲ್ಲಿ, "ಏನು, ದೊಡ್ಡಮ್ಮನಿಗೆ ದಿನಾ ಎರಡು ಸ್ನಾನ? ಮದ್ರಾಸಿಗೇ ನೀರಿಲ್ಲ" ಎಂದಾಗ ಅತ್ತೆ ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡೇ, "ನಿಮ್ಮ ಪಾಲಿನದು ಬಿಟ್ಟಿದೀನಿ ಮಾಮಿ, ಮೀಯೋ ಮನಸ್ಸಿದ್ರೆ ಬನ್ನಿ" ಎಂದರು. ನಾನು ಮಧ್ಯಾಹ್ನ ನಿದ್ದೆ ಮಾಡತೊಡಗಿದೆ. ನಿದ್ದೆಯಲ್ಲಿ ಕೆಲವು ಸಲ, ಅತ್ತೆ ಯಾರೊಂದಿಗೋ ಮಾತಾಡುವುದು ಕೇಳುತ್ತಿತ್ತು; ಪದ್ದುವಿನ ಜೊತೆ ಆಡುವ ಮಾತಾಗಿರಲಿಲ್ಲ ಅದು. ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ತಳ್ಳು ಮಾತ್ರ ನಿಂತುಹೋಗಿತ್ತು. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ಸಂಜೆ ಇಲ್ಲ. ಹದಿನೈದು ದಿನವೂ ಇಲ್ಲ.

ಪರೀಕ್ಷೆಯ ದಿನ ಅತ್ತೆಯೂ ಹೊರಟರು. ಆಸ್ಪತ್ರೆಯ ಮೆಟ್ಟಿಲು ತುಳಿಯದವರು, ಬಸ್ಸಿನಲ್ಲಿ ಕಿಟಕಿ ಪಕ್ಕ ಸೆರಗು ಹೊದ್ದು ಕೂತು ಬಂದರು. ದೊಡ್ಡ ಡಾಕ್ಟರು ಬೆರಳಲ್ಲಿ ತೊಡೆ ಒತ್ತಿ ನೋಡಿದರು, ಇನ್ನೊಮ್ಮೆ ನೋಡಿದರು, ತಲೆಯಾಡಿಸಿ ಪೆನ್ನು ತೆಗೆದರು. ಮಿಸ್ಸಿ ನನ್ನ ಮುಖ ನೋಡಿ, "ಒಂದು ನಿಮಿಷ ಡಾಕ್ಟರ್. ತಾಯಿ ಒಮ್ಮೆ ನೋಡಲಿ" ಎಂದರು.

ನಾನು ಮುಂದೆ ಹೋಗಲಿಲ್ಲ. ನನ್ನ ಕೈಯ ಮೇಲೆ ನನಗೆ ನಂಬಿಕೆ ಹೋಗಿತ್ತು. "ಅವರು ನೋಡಲಿ" ಎಂದೆ.

ಅತ್ತೆ ಮೇಜಿನ ಬಳಿ ನಿಂತು ಕೈಯಿಟ್ಟರು. ತಳ್ಳು ಎನ್ನಲಿಲ್ಲ. "ಅವಸರ ಇಲ್ಲ ಕೂಸೇ" ಎಂದರು. ಡಾಕ್ಟರು ಗಡಿಯಾರ ನೋಡಿಕೊಂಡರು. ಪದ್ದು ಹಲ್ಲು ಕಚ್ಚಿದಳು, ಮುಖ ಕೆಂಪಾಯಿತು, ಹಣೆಯಲ್ಲಿ ಬೆವರು ಮೂಡಿತು.

"ಇದೆ" ಎಂದರು ಅತ್ತೆ.

ಮಿಸ್ಸಿ ಓಡಿಬಂದು ಅವರ ಬೆರಳ ಪಕ್ಕಕ್ಕೆ ತಮ್ಮ ಬೆರಳಿಟ್ಟರು. ತುಂಬ ಹೊತ್ತಾದ ಮೇಲೆ ಡಾಕ್ಟರ ಕಡೆ ತಿರುಗಿ, "ಫ್ಲಿಕರ್" ಎಂದರು. ಡಾಕ್ಟರು ತಾವೂ ಬೆರಳಿಟ್ಟರು, ಬರೆದರು, ಹೆಸರು ಹೊಡೆಯಲಿಲ್ಲ.

ಆಗ ನಾನು ಹೋಗಿ ಕೈಯಿಟ್ಟೆ. ಚರ್ಮದ ಕೆಳಗೆ ಎಲ್ಲೋ ಆಳದಲ್ಲಿ, ನೂಲಿನ ತುದಿ ಜಗ್ಗಿದಂತೆ, ಬಂತೋ ಇಲ್ಲವೋ ಎನ್ನುವಷ್ಟು. ನಿಜ ಹೇಳುತ್ತೇನೆ, ಮೊಣಕೈವರೆಗೆ ನೂಕುತ್ತಿದ್ದ ಅದನ್ನು ಉಂಡಿದ್ದ ನನ್ನ ಕೈಗೆ ಒಂದು ಗಳಿಗೆ ನಿರಾಸೆಯೇ ಆಯಿತು. ಬಾಯಿ ತಪ್ಪಿ ಕೇಳಿಬಿಟ್ಟೆ:

"ಅಷ್ಟೇನಾ ಕಂದಾ?"

"ಅಷ್ಟೇ" ಎಂದಳು ಪದ್ದು, ಬೆವರಿದ ಮುಖ ಗಂಟಿಕ್ಕಿಕೊಂಡು. "ಆದ್ರೆ ನಾನೇ ತಳ್ಳಿದ್ದು."